ಪಿಚ್ಚರಿನ ಅಳು

ಪಂಡರಿಯ ಕೈಯಿಂದ ಪಟಗವನ್ನು ಕೇಶರಬಾಯಿ ಕಸಿದುಕೊಂಡಳು.

"ಬಿಡು, ನಿನಗ ಬರೂದಿಲ್ಲ ಅದು."

ಸತ್ತ ಗಂಡನ ತಲೆಗೆ ಹೆಂಡತಿಯೇ ಪಟಗ ಸುತ್ತುವುದನ್ನು ಬೇಮಳಖೇಡದಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಮೈದುನ ಪಂಡರಿ ಎಷ್ಟು ಸುತ್ತಿದರೂ ಅದು ಜಾರಿ ಹುಬ್ಬಿನ ಮೇಲೆ ಬಂದು ಕೂರುತ್ತಿತ್ತು. ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದ ಏಕನಾಥ, ಲಗ್ನದ ಮನೆಯಲ್ಲಿ ಹೊಟ್ಟೆ ತುಂಬ ಉಂಡು ತೂಕಡಿಸುವ ಬೀಗನ ಹಾಗೆ ಕಾಣಿಸುತ್ತಿದ್ದ. ಜೀವಮಾನವೆಲ್ಲ ಕುರಿ ಕಾದು, ಯಾರ ಗೊಡವೆಗೂ ಹೋಗದೆ ಬದುಕಿದ ಮನುಷ್ಯ ಕೊನೆಯ ದಿನ ನಗೆಪಾಟಲಾಗಬಾರದು. ಕೇಶರಬಾಯಿ ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬಿಗಿಯಾಗಿ ಸುತ್ತಿದಳು, ಇನ್ನೊಂದು ತುದಿಯನ್ನು ಎಡಗಿವಿಯ ಹತ್ತಿರ ಸಿಕ್ಕಿಸಿದಳು. ಕುರಿ ಬಿಟ್ಟುಕೊಂಡು ಹೊರಡುವಾಗ ಅವನು ಹಾಗೇ ಸಿಕ್ಕಿಸಿಕೊಳ್ಳುತ್ತಿದ್ದ. ಬೆರಳಿಗೆ ತಾಗಿದ ಹಣೆ ತಣ್ಣಗಿತ್ತು.

ಸುತ್ತ ಕುಳಿತ ಹೆಂಗಸರು ನೋಡುತ್ತಿದ್ದರು. ಈಗ ಅಳುತ್ತಾಳೆ, ಇನ್ನೇನು ಈಗ ಅಳುತ್ತಾಳೆ ಎಂದು ಬೆಳಗಿನಿಂದ ಅವರು ಕಾದಿದ್ದರು. ಕೇಶರಬಾಯಿ ಒಂದು ಹೆಜ್ಜೆ ಹಿಂದೆ ಸರಿದು ಪಟಗ ನೆಟ್ಟಗಿದೆಯೇ ಎಂದು ನೋಡಿದಳು, ಸೆರಗು ಸರಿ ಮಾಡಿಕೊಂಡಳು, ಹೋಗಿ ತನ್ನ ಜಾಗದಲ್ಲಿ ಕುಳಿತಳು. ಅವಳ ಕಣ್ಣುಗಳು ಒಣಗಿಯೇ ಇದ್ದವು.

ಆ ಮನೆತನದಲ್ಲಿ ಒಂದು ರೂಢಿ ಉಂಟು. ಗಂಡ ಸತ್ತರೆ ಹೆಂಡತಿ ಅವನ ಎದುರು ಕುಳಿತು ಹಾಡಿಕೊಂಡು ಅಳಬೇಕು. ಸುಮ್ಮನೆ ಕಣ್ಣೀರು ಸುರಿಸಿದರೆ ಆಗಲಿಲ್ಲ. ಅವನು ಮಾಡಿದ್ದು, ಮಾಡದೆ ಬಿಟ್ಟದ್ದು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಜೀವಮಾನವಿಡೀ ಎದುರಿಗೆ 'ನೀವು' ಎಂದವಳು ಅಂದು 'ನೀ' ಎನ್ನಬಹುದು, ಬಯ್ಯಲೂಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಅದು ಮುಗಿದ ಮೇಲೆಯೇ ಚಟ್ಟ ಎತ್ತುವುದು. ಹೇಳಿಸಿಕೊಳ್ಳದೆ ಹೋದವನು ಬಾಳಿದ್ದೂ ಸುಳ್ಳು, ಸತ್ತದ್ದೂ ಸುಳ್ಳು ಎಂದು ಆ ಮನೆಯ ಹಿರಿಯರು ನಂಬಿಕೊಂಡು ಬಂದಿದ್ದರು.

ಕೇಶರಬಾಯಿಯ ಅಳು ಊರಿಗೆ ಹೊಸದೇನಲ್ಲ. ಅದು ಎಲ್ಲರ ಮೊಬೈಲಿನಲ್ಲೂ ಇತ್ತು.

"ಪಿಚ್ಚರದಾಗ ಕಲ್ಲ ಕರಗೂಹಂಗ ಅತ್ತಿದ್ಲು," ಎಂದು ಬಾಗಿಲ ಬಳಿ ಕುಳಿತವಳೊಬ್ಬಳು ಪಿಸುಗುಟ್ಟಿದಳು.

"ಎಲ್ಲಾ ಅಲ್ಲೇ ಖಾಲಿ ಆತೇನು ಮತ್ತ?" ಎಂದಳು ಪಕ್ಕದವಳು.

ಮಾತು ಕೇಶರಬಾಯಿಯ ಕಿವಿಗೆ ಬಿತ್ತು. ಅಂಗಳದಲ್ಲಿ ನಿಂತ ಹುಮನಾಬಾದಿನ ನೆಂಟರ ಹುಡುಗರು ಮೊಬೈಲು ಕೈಯಲ್ಲೇ ಹಿಡಿದುಕೊಂಡಿರುವುದೂ ಕಣ್ಣಿಗೆ ಬಿತ್ತು. ಮಣ್ಣಿಗೆ ಬಂದವರೋ, ಆಟ ನೋಡಲು ಬಂದವರೋ ತಿಳಿಯದ ಹಾಗಿತ್ತು. ಪಂಡರಿ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತ. "ವೈನಿ, ತೆಗ್ಗ ತಯಾರ ಆಗ್ಯಾದ. ಎಲ್ಲೆಲ್ಲಿಂದ ಮಂದಿ ಬಂದು ಕುಂತಾರ. ಹೊತ್ತ ಇಳಿಯಾಕತ್ತದ. ಇನ್ನ ಎಷ್ಟ ತಡಾ ಮಾಡ್ತೀರಿ?"

ತಡ ಮಾಡುವ ಇಚ್ಛೆ ಅವಳಿಗೇನೂ ಇರಲಿಲ್ಲ. ಅವನನ್ನು ಒಂದು ಮಾತೂ ಆಡದೆ ಕಳಿಸಿಕೊಡಲು ಅವಳ ಜೀವ ಒಪ್ಪುತ್ತಿರಲಿಲ್ಲ. ಆದರೆ ಬಾಯಿ ತೆರೆಯಬೇಕು ಎನ್ನುವಾಗಲೆಲ್ಲ ನಾಲಗೆಯ ತುದಿಗೆ ಬರುತ್ತಿದ್ದುದು ಆ ಪಿಚ್ಚರಿನ ಮಾತುಗಳೇ. ಅವುಗಳಲ್ಲಿ ಈಗ ಒಂದೂ ನಿಜವಾಗಿ ಉಳಿದಿರಲಿಲ್ಲ.

*

ಆರು ವರ್ಷದ ಹಿಂದಿನ ಮಾತು. ಬಸವಕಲ್ಯಾಣದ ಮಹೇಶಕುಮಾರ ಎಂಬ ತರುಣ, ಕ್ಯಾಮೆರಾ ಹೊತ್ತ ಕೆಲವು ಗೆಳೆಯರನ್ನು ಕಟ್ಟಿಕೊಂಡು ಊರಿಗೆ ಬಂದಿದ್ದ. ಕುರಿ ಕಾಯುವವನೊಬ್ಬನ ಬಾಳಿನ ಕಾದಂಬರಿ ಓದಿ ಅದನ್ನೇ ಪಿಚ್ಚರ್ ಮಾಡುತ್ತೇನೆಂದು ಹಟ ಹಿಡಿದಿದ್ದ. ಅದರಲ್ಲಿ ಹಾಡಿಲ್ಲ, ಕುಣಿತವಿಲ್ಲ, ಹೊಡೆದಾಟವೂ ಇಲ್ಲ.

"ಹಂಗಾದ್ರ ಮತ್ತೇನದ ಅದರಾಗ?" ಎಂದು ಪಂಡರಿ ಕೇಳಿದ.

"ಒಬ್ಬ ಮನಷಾ ಕುರಿ ಕಾಯ್ತಾನ, ಮುದುಕ ಆಗ್ತಾನ, ಸಾಯ್ತಾನರಿ ಕಾಕಾ."

ಇಷ್ಟಕ್ಕೆ ಟಿಕೀಟು ಯಾಕೆ ಬೇಕು, ನಮ್ಮ ಕಟ್ಟೆಯ ಮೇಲೆ ಕುಳಿತರೆ ದಿನಾ ಪುಕ್ಕಟೆ ಕಾಣಿಸುತ್ತದಲ್ಲ ಎಂದು ಊರವರು ನಕ್ಕರು. ಮಹೇಶಕುಮಾರ ಊರಿನ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಕ್ಯಾಮೆರಾದ ಮುಂದೆ ನಿಲ್ಲಿಸಿ ನೋಡಿದ. ಎಲ್ಲರೂ ಫೋಟೊ ತೆಗೆಸಿಕೊಳ್ಳುವವರ ಹಾಗೆ ಎದೆ ಸೆಟೆಸಿ ನಿಂತರು. ಏಕನಾಥ ಮಾತ್ರ ಕ್ಯಾಮೆರಾ ಇದೆ ಎಂಬುದನ್ನೇ ಮರೆತು ತನ್ನ ಕುರಿಗಳ ಕಡೆ ನೋಡುತ್ತ ನಿಂತ. ಹಾಗಾಗಿ ಪಿಚ್ಚರಿನ ಕುರಿಗಾಹಿ ಅವನೇ ಆದ, ಪಿಚ್ಚರಿನ ಮನೆ ಅವನ ಮನೆಯೇ ಆಯಿತು.

ಸಾಯುವ ದೃಶ್ಯವನ್ನು ಮೊದಲೇ ತೆಗೆದರು. ಏಕನಾಥನ ಹಣೆಗೆ ವಿಭೂತಿ ಹಚ್ಚಿ, ಮೂಗಿಗೆ ಹತ್ತಿ ಇಟ್ಟು, ಪಡಸಾಲೆಯ ಇದೇ ಗೋಡೆಗೆ ಆನಿಸಿ ಕೂಡಿಸಿದರು. ಹೆಂಡತಿಯ ಪಾತ್ರಕ್ಕೆ ಕಲಬುರಗಿಯ ನಾಟಕ ಕಂಪನಿಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಆಕೆಯ ಕೆಲಸ ಶುರುವಾಗುವುದೂ ಅಂದೇ. ಆಕೆ ಎದೆ ಬಡಿದುಕೊಂಡು, ಹಿಂದಿನ ಸಾಲಿನವರಿಗೂ ಕೇಳಿಸಬೇಕು ಎನ್ನುವ ಹಾಗೆ ಅತ್ತಳು. ಮಹೇಶಕುಮಾರ ಮತ್ತೆ ಮತ್ತೆ ಅಳಿಸಿದ. ಕಡೆಗೆ ಹೆಣವೇ ಮಾತಾಡಿತು.

"ತಮ್ಮಾ, ಈಕಿ ಹಿಂಗಽ ಅತ್ತರ ನಾ ಎದ್ದು ಕುರಿ ಹಿಂದ ಹೋಗ್ತೀನಿ ನೋಡು."

ಎಲ್ಲರೂ ನಕ್ಕರು, ಆ ಹೆಣ್ಣುಮಗಳು ಮುಖ ಊದಿಸಿಕೊಂಡು ಎದ್ದು ಹೋದಳು. ಕೇಶರಬಾಯಿ ರೊಟ್ಟಿಯ ಗಂಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಹೇಶಕುಮಾರನ ಕಣ್ಣು ಅವಳ ಮೇಲೆ ಬಿತ್ತು. "ಆಯಿ, ನೀವಽ ಅಳ್ರಿ," ಎಂದು ಕೈಮುಗಿದ.

ಪಂಡರಿ ಕೆಂಡಾಮಂಡಲವಾದ. "ಜೀಂವ ಇದ್ದ ಗಂಡಗ ಹೆಂಡತಿ ಕಡಿಂದ ಅಳಸ್ತಿರೇನು? ಇದು ಮನಿಗಿ ಒಳ್ಳೇದಲ್ಲ." ಕೇಶರಬಾಯಿಯೂ ಆಗೋದಿಲ್ಲ ಎಂದು ತಲೆಯಾಡಿಸಿದಳು. ಏಕನಾಥ ಕಣ್ಣು ಮುಚ್ಚಿಕೊಂಡೇ ಹೇಳಿದ.

"ಅಳಲಿ ಬಿಡೊ ಪಂಡರಿ. ಹೆಂಡತಿ ಏನೇನು ಅಂದು ಅತ್ತಳು ಅಂತ ಊರಿಗಿ ಊರಽ ಕೇಳ್ತದ. ಸತ್ತಂವ ಒಬ್ಬಗಽ ಕೇಳ್ಸೂದಿಲ್ಲ. ನಾ ಒಬ್ಬನರೆ ಕೇಳಿ ಸಾಯ್ತೀನಿ."

ಅವಳು ಎದುರು ಕುಳಿತಳು. ಮೊದಲು ನಾಚಿಕೆಯಾಯಿತು. ಆಮೇಲೆ ಆ ಹತ್ತಿ, ಆ ವಿಭೂತಿ, ವಾಲಿದ ಆ ಕುತ್ತಿಗೆ ನೋಡಿ ಹೆದರಿಕೆಯಾಯಿತು. ಹೆದರಿಕೆಯ ಬೆನ್ನಿಗೇ ಸಿಟ್ಟು ಬಂತು. ಮದುವೆಯಾದಾಗಿನಿಂದ ವರ್ಷದ ಅರ್ಧ ಭಾಗ ಕುರಿಯ ಹಿಂದೆ ಮಂಜ್ರಾ ನದಿಯ ಆಚೆ ಅಲೆದವನು, ಮನೆಗೆ ಬಂದರೂ ಕುರಿಗಳ ಜೊತೆ ಆಡಿದಷ್ಟು ಮಾತನ್ನು ಅವಳ ಜೊತೆ ಆಡದವನು. ಒಳ್ಳೆಯವನೇ. ಹೊಡೆಯಲಿಲ್ಲ, ಕುಡಿಯಲಿಲ್ಲ. ಅವಳು ಅಲ್ಲಿದ್ದಾಳೆ ಎಂಬುದನ್ನೇ ನೋಡಲಿಲ್ಲ, ಅಷ್ಟೆ. ಅಷ್ಟೂ ವರ್ಷದ ಸಿಟ್ಟು ದನಿಯಾಗಿ ಮೇಲೆದ್ದು ಬಂತು.

"ಉಂಡೇನ ಅಂತ ಒಂದಿನ ಕೇಳಲಿಲ್ಲೊ ನನ ರಾಜಾ, ಕುರಿ ಮಂದ್ಯಾಗ ನಿನ ಸಂಸಾರ ಆತೊ. ಜೋಡಿ ಕುಂತು ಒಂದು ಗುಟುಕ ಚಹಾ ಕುಡೀಲಿಲ್ಲೊ, ಹಾದಿಮಂದಿ ಹಂಗ ಬಾಳೇವು ಮಾಡೀದೆವೊ. ನನ ಪೂನಂ ಹೋದಳೊ, ಮಣ್ಣ ಕೊಟ್ಟಿ, ಕೋಲ ಹಿಡದಿ, ಮತ್ತೊಂದಿನ ಆಕಿ ಹೆಸರ ತಗೀಲಿಲ್ಲೊ..."

ಪೂನಂ ಅವರ ಚೊಚ್ಚಲ ಮಗಳು. ನಡೆಯಲು ಕಲಿತ ವರ್ಷವೇ ಜ್ವರ ಬಂದು ಹೋಗಿಬಿಟ್ಟಳು. ಏಕನಾಥ ಆಗ ಕುರಿ ಮೇಯಿಸುತ್ತ ದೂರದಲ್ಲಿದ್ದ. ಸುದ್ದಿ ತಿಳಿದು ಬಂದವನು ಮಗುವನ್ನು ಮಣ್ಣು ಮಾಡಿ ಒಂದೆರಡು ದಿನದಲ್ಲೇ ಕೋಲು ಹಿಡಿದು ಮತ್ತೆ ಹೊರಟ. ಆಮೇಲೆ ಮಗ ಧನರಾಜ ಹುಟ್ಟಿ ದೊಡ್ಡವನಾದರೂ ಮನೆಯಲ್ಲಿ ಆ ಹೆಸರು ಏಳಲಿಲ್ಲ. ಪಿಚ್ಚರಿನ ನೆಪದಲ್ಲಿ ಅದು ಅಂದು ಅವಳ ಬಾಯಿಂದ ಹೊರಬಿತ್ತು.

ಅವಳು ಅಳು ನಿಲ್ಲಿಸಿದಾಗ ಕ್ಯಾಮೆರಾ ಹಿಡಿದವನೂ ಕಣ್ಣೊರೆಸಿಕೊಳ್ಳುತ್ತಿದ್ದ. ಏಕನಾಥ ಮೂಗಿನ ಹತ್ತಿ ತೆಗೆದು, ತೋಳಿನಿಂದ ಮುಖ ಒರೆಸಿಕೊಂಡ. "ಊದಿನಕಡ್ಡಿ ಹೊಗಿ ಕಣ್ಣಾಗ ಬಿತ್ತು," ಎಂದು ಎದ್ದು ಕುರಿಯ ಹಟ್ಟಿಗೆ ಹೋದ.

ಪಿಚ್ಚರು ಬಸವಕಲ್ಯಾಣದ ಫಂಕ್ಷನ್ ಹಾಲಿನಲ್ಲಿ ಒಂದೇ ಒಂದು ಸಲ ನಡೆಯಿತು. ಹುಮನಾಬಾದಿನ ಟಾಕೀಸಿನವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲೋ ದೂರದ ಊರಲ್ಲಿ ಏನೋ ಬಹುಮಾನ ಬಂತಂತೆ. ಆದರೆ ಕೇಶರಬಾಯಿ ಅತ್ತ ತುಣುಕು ಮಾತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ ಸುತ್ತಲ ಊರೆಲ್ಲ ಅಡ್ಡಾಡಿತು.

*

"ಅತ್ತೀ, ಒಂದು ಗುಟುಕ ನೀರ ಕುಡೀರಿ."

ಸೊಸೆ ಮೀನಾ ಅವಳನ್ನು ಅಡುಗೆಮನೆಗೆ ಕರೆತಂದಿದ್ದಳು. ಒಲೆ ಹೊತ್ತಿಸಿರಲಿಲ್ಲ. ಕೇಶರಬಾಯಿ ನೀರು ಕುಡಿದು ತಂಬಿಗೆ ಕೆಳಗಿಟ್ಟಳು.

"ಕಾಕಾ ಸಿಟ್ಟ ಆಗ್ಯಾರ," ಎಂದಳು ಮೀನಾ. "ಪಿಚ್ಚರದಾಗ ಅಂದ ಮಾತಽ ಅನ್ನಲಿ, ಅವೇನು ಮರತಾವೇನು ಅನ್ನಾಕತ್ತಾರ."

"ಹ್ಯಾಂಗ ಅನ್ಲಿ ಮೀನಾ? ನೀ ಈ ಮನಿಗಿ ಬಂದ ಮ್ಯಾಲ ನಿಮ್ಮ ಮಾವ ನನಗ ಉಂಡೇನ ಅಂತ ಕೇಳದ ಒಂದಿನರೆ ಮಲಗ್ಯಾರೇನು?"

ಮೀನಾ ಈ ಮನೆಗೆ ಬಂದದ್ದು ಪಿಚ್ಚರ್ ಮುಗಿದ ಮರುವರ್ಷ. ಅವಳು ಯೋಚಿಸಿ ತಲೆಯಾಡಿಸಿದಳು. "ಇಲ್ಲರಿ. ಒಮ್ಮೊಮ್ಮಿ ಉಂಡ ಮ್ಯಾಲೂ ಕೇಳ್ತಿದ್ರು."

"ಮತ್ತ?"

ಮೀನಾ ತಂಬಿಗೆ ಎತ್ತಿ ಮೂಲೆಗಿಟ್ಟಳು.

ಮೊದಲ ಸಲ ಅವನು ಹಾಗೆ ಕೇಳಿದ್ದು ಶೂಟಿಂಗಿನವರು ಸಾಮಾನು ಕಟ್ಟಿಕೊಂಡು ಹೋದ ದಿನ. ಬಾಗಿಲಲ್ಲಿ ನಿಂತು, ಕುರಿಗಳ ಕಡೆ ಮುಖ ಮಾಡಿ, "ಉಂಡೇನು?" ಎಂದಿದ್ದ. ಹಟ್ಟಿಯ ನಾಯಿಗೆ ಕೇಳುತ್ತಿದ್ದಾನೆ ಎಂದುಕೊಂಡು ಅವಳು ಸುಮ್ಮನೆ ರೊಟ್ಟಿ ತಟ್ಟುತ್ತ ಕುಳಿತಳು. ಅವನು ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಕೇಳಿದ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು. ಆಮೇಲೆ ಮನೆಯಲ್ಲಿದ್ದ ದಿನವೆಲ್ಲ ಕೇಳಿದ. ಕೆಲವು ಸಲ ಅದು ಪೀಡೆಯೂ ಆಯಿತು. ಹಸಿವಿಲ್ಲದ ದಿನ ಸುಳ್ಳು ಹೇಳಲು ಬಿಡುತ್ತಿರಲಿಲ್ಲ, ಬುಟ್ಟಿಯ ಮುಚ್ಚಳ ತೆಗೆದು ರೊಟ್ಟಿ ನೋಡುತ್ತಿದ್ದ.

ಇನ್ನೊಂದು ವರ್ಷಕ್ಕೆ, ಕುರಿ ಔಷಧಿ ತರುವ ನೆಪ ಮಾಡಿ ಅವಳನ್ನು ಹುಮನಾಬಾದಿಗೆ ಕರೆದೊಯ್ದ. ಔಷಧಿ ತೆಗೆದುಕೊಂಡ ಮೇಲೆ ಆಟೋ ಹತ್ತಿಸಿ ಮಾಣಿಕನಗರಕ್ಕೆ ಬಂದ. ಮಠಕ್ಕೆ ಹೋಗಿ ಕೈಮುಗಿದು, ಎದುರಿನ ಹೋಟೆಲಿನ ಬಾಕಿನ ಮೇಲೆ ಅವಳನ್ನು ಕೂಡಿಸಿ ತಾನೂ ಪಕ್ಕದಲ್ಲೇ ಕುಳಿತ. ಮಿರ್ಚಿ ಭಜಿ, ಎರಡು ಚಹಾ. ಬಸಿಯಲ್ಲಿ ಚಹಾ ಸುರಿದು ಮೊದಲು ಅವಳ ಕಡೆ ಸರಿಸಿದ. ಯಾರಾದರೂ ನೋಡಿಯಾರು ಎಂದು ಅವಳು ಸೆರಗು ಮುಂದೆ ಎಳೆದುಕೊಂಡಳು. ಎದುರಿನ ಬಳೆ ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ತನ್ನ ಬೆಳೆದ ಮಗಳ ಕೈಗೆ ಬಳೆ ಇಡಿಸುತ್ತಿದ್ದಳು. ಏಕನಾಥ ಅವರನ್ನೇ ನೋಡುತ್ತಿದ್ದವನು ಬಹಳ ಹೊತ್ತಿನ ಮೇಲೆ ಹೇಳಿದ:

"ನಮ್ಮ ಪೂನಂ ಇದ್ದಿದ್ರ ಆಕಿ ಮಗಳೂ ಈಗ ಅಷ್ಟು ದೊಡ್ಡಾಕಿ ಆಗ್ತಿದ್ಲು."

ಕೇಶರಬಾಯಿ ಬಸಿಯನ್ನು ತುಟಿಯ ಹತ್ತಿರವೇ ಹಿಡಿದು ಕುಳಿತುಬಿಟ್ಟಳು. ಅವನು ಅದನ್ನು ತೆಗೆದುಕೊಂಡು ಕೆಳಗಿಟ್ಟ. ಸತ್ತ ಮಗಳ ಬಗ್ಗೆ ಗಂಡ ಹೆಂಡತಿ ಬಾಯಿಬಿಟ್ಟು ಮಾತಾಡಿದ್ದು ಅಂದು, ಮಿರ್ಚಿ ಭಜಿಯ ಘಾಟಿನ ನಡುವೆ, ಅಪರಿಚಿತರ ಎದುರಿಗೆ.

ಎಲ್ಲ ಕೊರತೆಯನ್ನೂ ತುಂಬಿಕೊಟ್ಟ ಎಂದೇನಲ್ಲ. ಒಂದು ಸಲ ಸೀರೆ ತಂದ, ಅದು ಅಂಗಡಿಯ ಗೊಂಬೆಗೂ ಒಪ್ಪದ ಗಿಳಿಹಸಿರು. ತಂಬಾಕು ಬಿಡುತ್ತೇನೆಂದು ಆಣೆ ಮಾಡಿ ಹಟ್ಟಿಯ ಹಿಂದೆ ಕದ್ದು ತಿನ್ನುತ್ತಿದ್ದ. ಆದರೆ ಅವಳು ಅವನನ್ನು ಕೂಡಿಸಿಕೊಂಡು ಅತ್ತ ಆ ಮೂರು ಮಾತುಗಳನ್ನು ಅವನು ಎದೆಯಲ್ಲಿಟ್ಟುಕೊಂಡು ಒಂದೊಂದಾಗಿ ತೀರಿಸಿದ್ದ. ಅವೇ ಮಾತನ್ನು ಇಂದು ಅವನ ಹೆಣದ ಮುಂದೆ ಅನ್ನುವುದೆಂದರೆ ಮನುಷ್ಯನ ಮೇಲೆ ಸುಳ್ಳು ಹೊರಿಸಿ ಕಳಿಸಿದ ಹಾಗೆ. ಹೊಸದಾಗಿ ಏನಾದರೂ ಹೇಳೋಣವೆಂದರೆ ಇನ್ನೊಂದು ಸಂಗತಿ ಅಡ್ಡ ನಿಂತಿತ್ತು. ಅದನ್ನು ಅವಳು ಮೀನಾಳಿಗೂ ಹೇಳಿರಲಿಲ್ಲ.

*

ಪಿಚ್ಚರಾದ ಮೇಲೆ ಏಕನಾಥನಿಗೆ ಒಂದು ಕೆಟ್ಟ ಚಟ ಅಂಟಿಕೊಂಡಿತ್ತು. ಮನೆಯಲ್ಲಿ ಮನಸ್ಸು ಹಗುರಾದಾಗಲೆಲ್ಲ ಆ ಗೋಡೆಗೆ ಆತು ಕುಳಿತು, ಕಣ್ಣು ಮುಚ್ಚಿ, ಕುತ್ತಿಗೆ ವಾಲಿಸಿಬಿಡುತ್ತಿದ್ದ.

"ನೋಡು, ಸತ್ತೀನಿ. ಅಳು ಈಗ."

ಅವಳು ಕೈಗೆ ಸಿಕ್ಕದ್ದನ್ನು, ಉಳ್ಳಾಗಡ್ಡಿಯೋ ಕಸಬರಿಗೆಯೋ, ಅವನ ಕಡೆ ಎಸೆಯುತ್ತಿದ್ದಳು. ಅವನು ಒಂದೇ ಕಣ್ಣು ತೆರೆದು ನಗುತ್ತಿದ್ದ. ಇಷ್ಟು ವಯಸ್ಸಾದ ಮೇಲೆ ಇದೆಂಥ ಹುಡುಗಾಟ ಎಂದು ಅವಳು ಬಯ್ಯುತ್ತಿದ್ದಳು. ಬಯ್ಯುವಾಗ ಒಳಗೆಲ್ಲೋ ಖುಷಿಯೂ ಆಗುತ್ತಿತ್ತು.

ಈ ದಿನ ಬೆಳಗ್ಗೆಯೂ ಅವನು ಚಹಾ ಕುಡಿದು ಆ ಗೋಡೆಗೆ ಆತು ಕುಳಿತಿದ್ದ. ಅವಳು ಪಡಸಾಲೆ ಗುಡಿಸುತ್ತ ಬಂದಾಗ ಕಣ್ಣು ಮುಚ್ಚಿತ್ತು, ಕುತ್ತಿಗೆ ವಾಲಿತ್ತು. "ಏಳ್ರಿ, ಸಾಕು ನಾಟಕ," ಎಂದು ಅವನ ಕಾಲಿನ ಸುತ್ತ ಗುಡಿಸಿಕೊಂಡು ಮುಂದೆ ಹೋದಳು. ಮರಿಗಳಿಗೆ ನೀರಿಟ್ಟು ಬಂದರೂ ಅವನು ಹಾಗೇ ಇದ್ದ. ಇವತ್ತು ಬಹಳ ಚೆನ್ನಾಗಿ ಮಾಡುತ್ತಿದ್ದಾನೆ ಎಂದುಕೊಂಡು ಅವಳು ನಕ್ಕಳು.

"ಇವತ್ತ ನಾ ಅಳೂದಿಲ್ಲ. ಏನ ಮಾಡ್ತೀರಿ ಮಾಡ್ರಿ."

ಹಾಗೆಂದು ಒಳಗೆ ಹೋಗಿ ಹಿಟ್ಟು ಜರಡಿ ಹಿಡಿದಳು. ಮತ್ತೆ ಹೊರಗೆ ಬಂದಾಗ ಅವನ ತುಟಿಯ ಮೇಲೆ ನೊಣವೊಂದು ಕುಳಿತಿತ್ತು. ಅವನು ಅದನ್ನು ಓಡಿಸಲಿಲ್ಲ.

ಆಗ ತಾನೆ ಹೋದವನೋ, ಗುಡಿಸುವಾಗಲೇ ಹೋಗಿದ್ದನೋ, ಅವಳು ಮಾತಾಡಿಸಿದಾಗ ಜೀವವಿತ್ತೋ, ಕರೆದಿದ್ದನೋ. ಇದು ಅವಳಿಗೆ ಇನ್ನೆಂದೂ ತಿಳಿಯುವುದಿಲ್ಲ. ಅಳೂದಿಲ್ಲ ಎಂದು ಅವನ ಮುಖಕ್ಕೆ ಹೇಳಿದ ಬಾಯಿಯಿಂದ ಈಗ ಅಳು ಹೊರಡುತ್ತಿರಲಿಲ್ಲ.

*

ಮಹೇಶಕುಮಾರ ಬಸವಕಲ್ಯಾಣದಿಂದ ಮೋಟಾರ್ ಸೈಕಲ್ ಮೇಲೆ ಬಂದ. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಒಂದು ಹೂವಿನ ಹಾರವಿತ್ತು. ಅದನ್ನು ಏಕನಾಥನಿಗೆ ಹಾಕಿ, ಕಾಲು ಮುಟ್ಟಿ ನಮಸ್ಕರಿಸಿದ. ಅಂಗಳದ ಹುಡುಗರು ಮೊಬೈಲು ಎತ್ತಿದರು. ಅವನು ಅವರ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದ. ಕೆಲವರು ಮೊಬೈಲನ್ನು ಜೇಬಿಗಿಳಿಸಿದರು, ಇನ್ನು ಕೆಲವರು ಇಳಿಸಲಿಲ್ಲ. ಅವನು ವಾಪಸು ಬಂದು ಕೇಶರಬಾಯಿಯ ಪಕ್ಕ ನೆಲದ ಮೇಲೆ ಕುಳಿತ.

"ಆಯಿ, ನನ್ನಿಂದಽ ನಿಮಗ ತ್ರಾಸ ಆಗಾಕತ್ತದ. ಮಂದಿ ಮಾತು ಹೊರಗ ಕೇಳಿದೆ."

"ನಿಂದೇನದ ಅದರಾಗ," ಎಂದಳು.

ಅವನು ಏಕನಾಥನ ಮುಖವನ್ನೇ ನೋಡುತ್ತ ಹೇಳಿದ: "ಆ ದಿನದ್ದು ಒಂದು ಮಾತು ನಿಮಗ ಹೇಳಿಲ್ಲ. ಪಿಚ್ಚರದಾಗ ನಿಮ್ಮ ಮಾರಿ ಅಷ್ಟಽ ಕಾಣ್ತದ, ಮುತ್ಯಾಂದು ಕಾಣೂದಿಲ್ಲ, ನೋಡೀರೇನು?"

"ನೋಡೀನಿ. ಯಾಕ ಅಂತ ಅವರೂ ಕೇಳಿದ್ರು ನಿನಗ."

"ಕೇಳಿದ್ರು. ಕ್ಯಾಮೆರಾ ಕೆಟ್ಟಿತ್ತು ಅಂತ ಸುಳ್ಳ ಹೇಳಿದೆ. ಮುತ್ಯಾನ ಕಣ್ಣಾಗಿಂದ ನೀರು ಒಂದಽ ಸವನೆ ಇಳಿಯಾಕತ್ತಿತ್ತು ಆಯಿ. ಹೆಣ ಅತ್ತರ ಹ್ಯಾಂಗ ತೋರಸೂದು? ಕತ್ತರಿಸಿ ತಗದು ಬಿಟ್ಟೆ."

ಕೇಶರಬಾಯಿ ತಲೆಯೆತ್ತಿದಳು. "ಊದಿನಕಡ್ಡಿ ಹೊಗಿ ಬಿತ್ತು ಅಂದಿದ್ರು."

"ಊದಿನಕಡ್ಡಿ ನಾವು ಹಚ್ಚಽ ಇರಲಿಲ್ಲರಿ. ಹೊಗಿ ಕ್ಯಾಮೆರಾಕ್ಕ ಅಡ್ಡ ಬರ್ತದ ಅಂತ ಬ್ಯಾಡ ಅಂದಿದ್ದೆ."

ಅವಳು ಗಂಡನ ಕಡೆ ತಿರುಗಿದಳು. ಹೊಸ ಹಾರದ ಹೂವಿನ ನಡುವೆ ಅವನ ಗಲ್ಲ ಮುಳುಗಿತ್ತು. ಅಂದು ಅವಳು ತಲೆ ತಗ್ಗಿಸಿ ಅತ್ತಿದ್ದಳು, ಅವನ ಮುಖ ನೋಡಿರಲಿಲ್ಲ.

"ಯಾವ ಮಾತಿಗಿ?" ಎಂದು ಕೇಳಿದಳು. ದನಿ ಸಣ್ಣದಾಗಿತ್ತು. "ಪೂನಂ ಹೆಸರ ತಗದಾಗೇನು?"

"ಇಲ್ಲರಿ. ಮೊದಲನೇ ಮಾತಿಗಽ ಸುರು ಆಗಿತ್ತು. ಉಂಡೇನ ಅಂತ ಕೇಳಲಿಲ್ಲ ಅಂದ್ರಲ್ಲ, ಅಲ್ಲಿಂದ."

*

ಹೊತ್ತು ಇನ್ನೂ ಇಳಿಯಿತು. ನಿರ್ಣಾದಿಂದ ಬಂದಿದ್ದ ಸೋನುಬಾಯಿ, ಏಕನಾಥನ ಅಕ್ಕ, ಗೋಡೆ ಹಿಡಿದುಕೊಂಡು ಎದ್ದು ತಮ್ಮನ ಹತ್ತಿರ ಬಂದು ಕುಳಿತಳು. ಸುತ್ತಲ ಊರುಗಳಲ್ಲಿ ಹಾಡಿ ಅಳುವುದಕ್ಕೆ ಹೆಸರಾದ ಹೆಂಗಸು. ಕೇಶರಬಾಯಿಯ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ದುಃಖಕ್ಕೆ ತಮ್ಮನ ಹೆಂಡತಿಯ ಬಾಯಿ ಕಟ್ಟಿದೆ, ತಾನು ಎತ್ತಿಕೊಟ್ಟರೆ ಅವಳು ಮುಂದುವರಿಸುತ್ತಾಳೆ ಎಂದು ಅವಳು ತಿಳಿದಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಊರಿಗೆಲ್ಲ ಬಾಯಿಪಾಠವಾದ ಆ ಮಾತನ್ನೇ ಎತ್ತಿದಳು.

"ಉಂಡೇನ ಅಂತ ಒಂದಿನ ಕೇಳಲಿಲ್ಲೊ..."

ಹೆಂಗಸರು ದನಿಗೂಡಿಸಿದರು. ಅಂಗಳದಲ್ಲಿ ಮೊಬೈಲುಗಳು ಮೇಲೆದ್ದವು. ಪಂಡರಿ, ಅಂತೂ ಶುರುವಾಯಿತಲ್ಲ ಎಂದು ಉಸಿರು ಬಿಟ್ಟ.

"ಕೇಳ್ತಿದ್ದಿ."

ಕೇಶರಬಾಯಿ ಅದನ್ನು ಹಾಡಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೆ ಆಡಿದಳು. ಸೋನುಬಾಯಿಯ ರಾಗ ನಡುವೆಯೇ ತುಂಡಾಯಿತು.

"ಕೇಳ್ತಿದ್ದಿ ನೀ. ದಿನಾ ಕೇಳ್ತಿದ್ದಿ. ಸುಳ್ಳ ಯಾಕ ಹೇಳ್ಬೇಕು ನಿನ್ನ ಮುಂದ?" ಅವಳು ಅವನ ಎದುರಿಗೆ ಸರಿದು ಕುಳಿತಳು. "ಮಾಣಿಕನಗರದಾಗ ಜೋಡಿ ಕುಂಡ್ರಿಸಿಕೊಂಡು ಚಹಾ ಕುಡಿಸೀದಿ. ಕೂಸಿನ ಹೆಸರ ತಗದಿ. ಈ ಮಂದಿಗಿ ಗೊತ್ತಿಲ್ಲ. ನನಗ ಗೊತ್ತದ."

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಈ ಮಾತಿಗೆ ರಾಗವಿರಲಿಲ್ಲ, ಎಲ್ಲಿ ದನಿಗೂಡಿಸಬೇಕೆಂದು ಅವರಿಗೆ ತಿಳಿಯಲಿಲ್ಲ. ಕೇಶರಬಾಯಿಯ ಕಣ್ಣಿಂದ ನೀರು ಇಳಿಯತೊಡಗಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

"ಅಂದು ನೀ ಅತ್ತಿ, ನಾ ನೋಡಲಿಲ್ಲ. ಇವತ್ತ ನೀ ಹೊಂಟಿದ್ದಿ, ಅದೂ ನೋಡಲಿಲ್ಲ. ನಾಟಕ ಅಂದೆ. ನಿನ್ನ ಕಾಲ ಸುತ್ತ ಕಸಾ ಹೊಡದೆ. ಅಳೂದಿಲ್ಲ ಅಂದೆನೊ ನಾ ನಿನಗ, ನಕ್ಕೋತ ಅಂದೆ..."

ಅಲ್ಲಿ ದನಿ ಒಡೆಯಿತು. ಹಣೆಯನ್ನು ಅವನ ಮೊಣಕಾಲಿಗೆ ಹಚ್ಚಿ ಅವಳು ಅತ್ತಳು. ಪಿಚ್ಚರಿನಲ್ಲಿ ಅತ್ತ ಹಾಗಿರಲಿಲ್ಲ ಅದು. ಚಂದವಿರಲಿಲ್ಲ, ಮೂಗು ಕಟ್ಟಿತ್ತು, ಮಾತು ಅರ್ಧರ್ಧ ನುಂಗಿ ಹೋಗುತ್ತಿತ್ತು. ಅಂಗಳದ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಸೋನುಬಾಯಿ ತಮ್ಮನ ಹೆಂಡತಿಯ ಬೆನ್ನ ಮೇಲೆ ಕೈಯಿಟ್ಟು ಕುಳಿತಳು. ಮಗ ಧನರಾಜ ಕಂಬಕ್ಕೆ ಮುಖ ಒತ್ತಿಕೊಂಡು ನಿಂತ.

ಕತ್ತಲಾಗುವ ಮೊದಲು ಮಣ್ಣಾಗಬೇಕಿತ್ತು. ಪಂಡರಿ ಸನ್ನೆ ಮಾಡಿದ. ಗಂಡಸರು ಏಕನಾಥನನ್ನು ಎತ್ತಿ ಚಟ್ಟಕ್ಕೆ ತಂದರು, ಹೆಗಲು ಕೊಟ್ಟರು. ಕೇಶರಬಾಯಿಯ ಮಾತು ನಿಲ್ಲಲಿಲ್ಲ. ಎದ್ದು ಚಟ್ಟದ ಬಿದಿರು ಹಿಡಿದುಕೊಂಡು ಜೊತೆಗೇ ಹೊರಟಳು. ಹಲಗೆ ಬಾರಿಸುವವನು ಶುರು ಮಾಡಿದ. ಅದರ ಸದ್ದಿನಲ್ಲಿ ಅವಳ ಮಾತು ಕೇಳಿಸದಾಯಿತು. ಪಂಡರಿ ಹಿಂತಿರುಗಿ ನೋಡಿ ಹಲಗೆಯವನ ಕೈ ಹಿಡಿದು ನಿಲ್ಲಿಸಿದ.

ಆ ಊರಿನಲ್ಲಿ ಮಣ್ಣಿಗೆ ಹೆಂಗಸರು ಊರಬಾಗಿಲ ಅಗಸಿಯ ತನಕ ಮಾತ್ರ ಬರುತ್ತಾರೆ. ಅಲ್ಲಿಂದಾಚೆ ಗಂಡಸರೇ. ಅಗಸಿಯ ಕಲ್ಲಿನ ಹತ್ತಿರ ಹೆಂಗಸರೆಲ್ಲ ಒಟ್ಟಾಗಿ ನಿಂತರು. ಕೇಶರಬಾಯಿ ನಿಲ್ಲಲಿಲ್ಲ. ಮೀನಾ, "ಅತ್ತೀ," ಎಂದು ಒಂದು ಹೆಜ್ಜೆ ಮುಂದಿಟ್ಟಳು. ಸೋನುಬಾಯಿ ಮೀನಾಳ ಸೆರಗು ಹಿಡಿದು, ಹೋಗಲಿ ಬಿಡು ಎಂಬಂತೆ ತಲೆಯಾಡಿಸಿದಳು.

ಹೆಗಲು ಕೊಟ್ಟ ಗಂಡಸರು ಮುಂದೇನು ಎಂದು ಪಂಡರಿಯ ಮುಖ ನೋಡಿದರು. ಅವನು ತಿರುಗಿ ಮುಂದೆ ನಡೆದ. ಬಿದಿರು ಹಿಡಿದ ಹೆಂಗಸು ಮಾತಾಡುತ್ತಲೇ ಇದ್ದಳು. ಈಗ ಅಳುವೂ ಇರಲಿಲ್ಲ. ಉಣ್ಣೆ ಕತ್ತರಿಸುವ ಕತ್ತರಿ ಎಲ್ಲಿಟ್ಟೆ ಎಂದು ಕೇಳುತ್ತಿದ್ದಳು, ಧನರಾಜನಿಗೆ ಹೊಳೆಯ ಆಚೆಯ ದಾರಿ ಸರಿಯಾಗಿ ತೋರಿಸಿಲ್ಲ ನೀನು ಎಂದು ಬಯ್ಯುತ್ತಿದ್ದಳು, ಮೀನಾ ಎರಡು ತಿಂಗಳ ಬಸುರಿ, ಇನ್ನೂ ಯಾರಿಗೂ ಹೇಳಿಲ್ಲ ಎನ್ನುತ್ತಿದ್ದಳು. ಮುಂದೆ ನಡೆಯುತ್ತಿದ್ದ ಧನರಾಜ ಅದನ್ನು ಕೇಳಿ ಒಂದು ಗಳಿಗೆ ನಿಂತುಬಿಟ್ಟ. ಹೊತ್ತವರೂ ನಿಂತರು. ಮತ್ತೆ ಹೆಜ್ಜೆ ಎತ್ತಿದಾಗ, ಈಗಷ್ಟೇ ಈದ ಕುರಿಯನ್ನು ಅದರ ಮರಿಯ ಜೊತೆ ಹಟ್ಟಿಗೆ ನಡೆಸಿಕೊಂಡು ಬರುವವರ ಹಾಗೆ, ಅವಳ ಕಾಲು ಎಷ್ಟು ಸಾಗುತ್ತದೋ ಅಷ್ಟೇ ನಿಧಾನವಾಗಿ ನಡೆದರು.